ಸಂಡಿಗೆ ದಾವೆ

ನಾನು ಕಾನೂನು ಓದುತ್ತಿದ್ದ ನಾಲ್ಕನೆಯ ವರ್ಷದಲ್ಲಿ ನಮ್ಮ ಕಾಲೇಜಿನವರು ನನ್ನನ್ನು ಒಂದು ಸೆಮಿಸ್ಟರ್ ಮಟ್ಟಿಗೆ ಪರದೇಶದ ಒಂದು ಊರಿಗೆ ಕಳಿಸಿದರು. ವಿನಿಮಯ ಕಾರ್ಯಕ್ರಮ ಎಂದು ಅದರ ಹೆಸರು. ಅಲ್ಲಿಂದ ಒಬ್ಬ ವಿದ್ಯಾರ್ಥಿ ನಮ್ಮಲ್ಲಿಗೆ ಬಂದ, ಇಲ್ಲಿಂದ ನಾನು ಹೋದೆ. ಅವನು ಮೊದಲನೆಯ ವಾರವೇ ಮಿರ್ಚಿ ಭಜಿ ತಿಂದು ಹಾಸಿಗೆ ಹಿಡಿದನಂತೆ. ನಾನು ಗಟ್ಟಿಯಾಗಿಯೇ ಇದ್ದೆ, ಆದರೆ ಹನ್ನೊಂದನೆಯ ವಾರದಲ್ಲಿ ನನ್ನ ಮೇಲೆ ದಾವೆ ಬಿತ್ತು. ಆ ಊರಿನ ಹೆಸರು ಹೇಳಿದರೂ ನಿಮಗೆ ನಕ್ಷೆಯಲ್ಲಿ ಸಿಗುವುದಿಲ್ಲ. ನಾನೂ ಹುಡುಕಿದ್ದೆ. ನಮ್ಮ ಕಾಲೇಜಿನ ಗುಮಾಸ್ತರು, "ಬಸ್ಸಿನವರಿಗೆ ಗೊತ್ತಿರತೈತಿ, ನೀ ಹತ್ತು" ಎಂದರು. ಬಸ್ಸಿನವರಿಗೆ ಗೊತ್ತಿತ್ತು.

ಅಲ್ಲಿಯ ಭಾಷೆಯನ್ನು ಆರು ತಿಂಗಳು ಕಲಿತು ಹೋಗಿದ್ದೆ. ಆದರೂ ಅಲ್ಲಿಯವರು ಆಡಿದ್ದೆಲ್ಲ ನನ್ನ ಕಿವಿಯೊಳಗೆ ನಮ್ಮ ಕಡೆಯ ಮಾತಾಗಿಯೇ ಇಳಿಯುತ್ತಿತ್ತು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಹೋದ ದಿನವೇ ಊರೊಳಗಿನ ಬಸ್ಸಿನಲ್ಲಿ ಒಂದು ಜಗಳ ನೋಡಿದೆ. ಒಬ್ಬರು ದಪ್ಪ ಮನುಷ್ಯರು ಕಿಟಕಿ ತೆರೆದರು, ಪಕ್ಕದ ಮುದುಕಿ ಅದನ್ನು ಮುಚ್ಚಿದರು. ಇನ್ನು ಬೈಗುಳ ಶುರುವಾಗುತ್ತದೆ ಎಂದು ನಾನು ಕಿವಿ ನೆಟ್ಟಗೆ ಮಾಡಿಕೊಂಡೆ. ಮುದುಕಿ ಹೇಳಿದರು: "ನಿಮ್ಮ ಮೈ ದಪ್ಪ ಐತಿ, ಸೆಕಿ ತಡಿಯಂಗಿಲ್ಲ, ಅದಕ್ಕ ಕಿಟಕಿ ತೆರೀಬೇಕು." ದಪ್ಪ ಮನುಷ್ಯರು ತಲೆಯಾಡಿಸಿ, "ಅಷ್ಟ ಅಲ್ಲ" ಎಂದರು. ಮುದುಕಿ ಮೂಗು ಅರಳಿಸಿ ಸ್ವಲ್ಪ ಯೋಚಿಸಿ, "ಮತ್ತ ನೀವು ಬೆಳ್ಳುಳ್ಳಿ ತಿಂದೀರಿ. ಬಾಜೂಕ ಕುಂತವರಿಗೆ ತ್ರಾಸ ಆಗಬಾರದು ಅಂತ" ಎಂದರು. "ಹೌದು, ಇದ ನನ್ನ ಮಾತು" ಎಂದು ಅವರು ಸಮಾಧಾನದಿಂದ ಉಸಿರು ಬಿಟ್ಟರು. ಆಮೇಲೆ ಅವರ ಸರದಿ: "ನಿಮಗ ಕಿವಿನೋವು. ಗಾಳಿ ಬಡದ್ರ ಮೂರು ದಿನ ಮಲಗತೀರಿ. ಮಲಗಿದ್ರ ಗಂಜಿ ಕೊಡೋರಿಲ್ಲ." ಮುದುಕಿ, "ಹೌದು" ಎಂದರು. ಕಂಡಕ್ಟರು ಬಂದು ಕಿಟಕಿಯನ್ನು ಅರ್ಧ ತೆರೆದು ಹೋದರು. ಅಷ್ಟರಲ್ಲಿ ಇಬ್ಬರೂ ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿತ್ತು.

ಆ ಊರಿನ ನಿಯಮ ಇಷ್ಟೇ. ತಕರಾರು ಯಾವುದೇ ಇರಲಿ, ಮೊದಲು ಎದುರಿನವರ ಮಾತನ್ನು ನೀವು ಹೇಳಬೇಕು. ಅವರು "ಹೌದು, ಇದೇ ನನ್ನ ಮಾತು" ಎನ್ನಬೇಕು. ಆಮೇಲೆ ನಿಮ್ಮ ಮಾತನ್ನು ಅವರು ಹೇಳಬೇಕು, ನೀವು ಹೌದು ಎನ್ನಬೇಕು. ಅಲ್ಲಿಯವರೆಗೆ ತೀರ್ಪಿಲ್ಲ. ತೀರ್ಪಾಗದೆ ವಾದಿಯಾಗಲಿ ಪ್ರತಿವಾದಿಯಾಗಲಿ ಊರ ಗಡಿ ದಾಟುವಂತಿಲ್ಲ. ಮುಖ್ಯ ಬೀದಿಯಲ್ಲಿ ಹಲ್ಲಿನ ದವಾಖಾನೆ ಇಟ್ಟಿದ್ದ ಡಾಕ್ಟರು ಹತ್ತೊಂಬತ್ತು ವರ್ಷದ ಹಿಂದೆ ಒಂದು ಮದುವೆಗೆಂದು ಎರಡು ದಿನದ ಮಟ್ಟಿಗೆ ಬಂದವರು. ಊಟದ ಸಾಲಿನಲ್ಲಿ ಯಾರದೋ ಕುರ್ಚಿಯಲ್ಲಿ ಕುಳಿತಿದ್ದರಂತೆ. ಕುರ್ಚಿಯವನ ಮಾತು ಇನ್ನೂ ಅವರ ಬಾಯಿಗೆ ಬಂದಿರಲಿಲ್ಲ.

ನಾನು ಬಾಡಿಗೆಗಿದ್ದ ಮನೆಯೊಡತಿ ಪಾವ್ಲಿನಮ್ಮ ಮತ್ತು ಅವರ ಗಂಡ ಸಂಜೆ ಐದೂವರೆಗೇ ಅಡುಗೆ ಮುಗಿಸುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ಇತ್ಯರ್ಥವಾಗಿ ಊಟಕ್ಕೆ ಕುಳಿತುಕೊಳ್ಳುವಷ್ಟರಲ್ಲಿ ಎಂಟು ಹೊಡೆಯುತ್ತಿತ್ತು. ನನಗೆ ಇದೆಲ್ಲ ತಮಾಷೆಯಾಗಿ ಕಾಣುತ್ತಿತ್ತು, ಕಾಲೇಜಿಗೆ ಹೋಗುವವರೆಗೆ. ನಮ್ಮೂರಲ್ಲಿ ಅಣಕು ನ್ಯಾಯಾಲಯದ ಸ್ಪರ್ಧೆಗಳಲ್ಲಿ ನಾನು ಎದ್ದು ನಿಂತರೆ ಎದುರಿನವರು ನೀರು ಕುಡಿಯುತ್ತಿದ್ದರು. ಇಲ್ಲಿ ಎದುರಿನವರ ವಾದವನ್ನು ಎಷ್ಟು ಚಂದವಾಗಿ ಮಂಡಿಸಿದರೂ ಅವರು ನನ್ನನ್ನೇ ನೋಡಿ, ಬೇಜಾರಿಲ್ಲದ ದನಿಯಲ್ಲಿ, "ಅಲ್ಲ" ಎನ್ನುತ್ತಿದ್ದರು. ಹತ್ತು ವಾರದಲ್ಲಿ ಆ ಊರಿನಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಅದು. ಸಹಪಾಠಿಗಳು ಒಳ್ಳೆಯವರೇ, ಆದರೆ ತಕರಾರಿಲ್ಲದೆ ಗೆಳೆತನ ಮಾಡುವ ಅಭ್ಯಾಸ ಅವರಿಗಿರಲಿಲ್ಲ. ನನ್ನ ಜೊತೆ ತಕರಾರು ತೆಗೆದರೆ ಅದು ಮುಗಿಯುವುದೇ ಇಲ್ಲವೆಂದು ಅವರು ಬೇಗ ಕಂಡುಕೊಂಡಿದ್ದರು.

ಇನ್ನು ಸಂಡಿಗೆಯ ವಿಷಯ. ಅವ್ವ ಒಂದು ಡಬ್ಬಿ ಸಪ್ಪೆ ಬೂದುಗುಂಬಳದ ಸಂಡಿಗೆ ಕಟ್ಟಿಕೊಟ್ಟಿದ್ದಳು. ದಾರಿಯಲ್ಲಿ ಅವು ಥಂಡಿ ಹಿಡಿದು ಮೆತ್ತಗಾಗಿದ್ದವು. ಪಾವ್ಲಿನಮ್ಮನ ಮನೆಯ ಮಾಳಿಗೆಯ ಮೇಲೆ ಹಳೆಯ ಬಟ್ಟೆ ಹಾಸಿ ಒಣಗಲು ಇಟ್ಟೆ. ಪಕ್ಕದ ಮಾಳಿಗೆಯಿಂದ ಪಾರಿವಾಳಗಳು ಬಂದು ತಿಂದವು. ಡಬ್ಬಿ ಖಾಲಿಯಾದ ಮೇಲೆ ಅವ್ವನನ್ನು ಫೋನಿನಲ್ಲಿ ಕೇಳಿಕೊಂಡು ನಾನೇ ಮಾಡಿದೆ. ಕುಂಬಳ ಸಿಗದ್ದರಿಂದ ಬರೀ ಅಕ್ಕಿಯದು. ಅವನ್ನೂ ತಿಂದವು. ನಡೆದದ್ದು ಇಷ್ಟೇ. ಕನಿಷ್ಠ, ನಾನು ನ್ಯಾಯಾಲಯಕ್ಕೆ ಬರೆದುಕೊಟ್ಟ ಉತ್ತರದಲ್ಲಿ ಇದ್ದದ್ದು ಇಷ್ಟೇ.

ಪಕ್ಕದ ಮನೆಯವರು ಇಲ್ಮಾರ್ ಮಾಸ್ತರು. ಊರಿನ ಬ್ಯಾಂಡಿನಲ್ಲಿ ನಲವತ್ತು ವರ್ಷ ಕಹಳೆ ಊದಿ ನಿವೃತ್ತರಾದವರು. ಕಡ್ಡಿಯಂತೆ ತೆಳ್ಳಗೆ, ಕಿವಿ ಮಾತ್ರ ದೊಡ್ಡವು. ಅವರ ಮಾಳಿಗೆಯ ಗೂಡಿನಲ್ಲಿ ಮೂವತ್ತೆಂಟು ಪಂದ್ಯದ ಪಾರಿವಾಳಗಳಿದ್ದವು. ಅವುಗಳ ಪೈಕಿ ಬಿಷಪ್ ಎಂಬ ಬೂದು ಗಂಡು, ಕುತ್ತಿಗೆಗೆ ಬಿಳಿ ಪಟ್ಟಿಯದು, ನಾಲ್ಕು ವರ್ಷ ಸತತವಾಗಿ ಶರತ್ಕಾಲದ ಪಂದ್ಯ ಗೆದ್ದಿತ್ತು. ಹಕ್ಕಿ ತನ್ನ ಗೂಡಿನೊಳಗೆ ಹೊಕ್ಕ ಹೊತ್ತೇ ಲೆಕ್ಕಕ್ಕೆ. ಆ ವರ್ಷ ಅದು ಹನ್ನೊಂದನೆಯ ಸ್ಥಾನಕ್ಕೆ ಬಂತು. ಪಂದ್ಯದ ಹೊತ್ತಿಗೆ ನಾನು ಗ್ರಂಥಾಲಯದಲ್ಲಿದ್ದೆ. ಮನೆಗೆ ಬಂದಾಗ ಬಾಗಿಲಿಗೆ ಹಳದಿ ಕಾಗದ ಅಂಟಿಸಿದ್ದರು. ವಾದಿ: ಇಲ್ಮಾರ್. ಪ್ರತಿವಾದಿ: ಕಸ್ತೂರಿ ಬಡಿಗೇರ, ವಿದ್ಯಾರ್ಥಿನಿ. ವಿಷಯ: ಸಂಡಿಗೆ. ಆ ಪದವನ್ನು ಅವರು ನನ್ನ ಹತ್ತಿರವೇ ಹಿಂದೊಮ್ಮೆ ಕೇಳಿ ತಿಳಿದುಕೊಂಡಿದ್ದರು. ಕಾಗುಣಿತ ತಪ್ಪಿರಲಿಲ್ಲ.

ಅವ್ವನಿಗೆ ಫೋನು ಮಾಡಿದೆ. "ನೀ ಕೇಸು ನಡಸಾಕ ಕಲೀಲಿಕ್ಕೆ ಹೋದಾಕಿ, ನಿನ್ನ ಮ್ಯಾಲ ಹಾಕಿಸ್ಕೊಂಡು ಕುಂತೀ? ಅದೂ ನನ್ನ ಸಂಡಿಗಿ ಹೆಸರಿಲೆ?" ಎಂದಳು. ಜನವರಿಯಲ್ಲಿ ನಮ್ಮಲ್ಲಿ ಪರೀಕ್ಷೆ ಇತ್ತು. ಡಿಸೆಂಬರ್ ಇಪ್ಪತ್ತರ ಬಸ್ಸು ತಪ್ಪಿದರೆ ವರ್ಷವೇ ಹೋಗುತ್ತಿತ್ತು. ಹಲ್ಲಿನ ಡಾಕ್ಟರು ಬೀದಿಯಲ್ಲಿ ಸಿಕ್ಕಾಗ ನನ್ನನ್ನು ಬಹಳ ಅಕ್ಕರೆಯಿಂದ ನೋಡಿ, ತಮ್ಮ ಮನೆಯ ಮಹಡಿಯಲ್ಲಿ ಒಂದು ಕೋಣೆ ಖಾಲಿ ಇದೆ ಎಂದರು.

ವಿಚಾರಣೆ ಪ್ರತಿ ಮಂಗಳವಾರ. ನ್ಯಾಯಾಧೀಶೆ ದೋರ್ತಾ ಎಂಬವರು ದಪ್ಪ ಕೋಟು ಹಾಕಿಕೊಂಡು, ಮೇಜಿನ ಕೆಳಗೆ ಕಾಯಿಸಿದ ಇಟ್ಟಿಗೆಯ ಮೇಲೆ ಪಾದ ಇಟ್ಟುಕೊಂಡು ಕೂರುತ್ತಿದ್ದರು. ಮೊದಲನೆಯ ಮಂಗಳವಾರ ನಾನು ಎದ್ದು ಮಾಸ್ತರ ವಾದವನ್ನು ನಲವತ್ತು ನಿಮಿಷ ಮಂಡಿಸಿದೆ. ನಿರ್ಲಕ್ಷ್ಯ, ಕಾರಣ ಮತ್ತು ಪರಿಣಾಮದ ಸಂಬಂಧ, ಬಿಷಪ್‌ನ ದೇಹತೂಕ, ಕೈತಪ್ಪಿದ ಬಹುಮಾನ, ಎಲ್ಲವೂ ಇತ್ತು. ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಇಲ್ಮಾರ್ ಮಾಸ್ತರು ಎದ್ದು, "ಅಲ್ಲ" ಎಂದು ಹೇಳಿ ಟೋಪಿ ಹಾಕಿಕೊಂಡು ಹೋದರು.

ಎರಡನೆಯ ಮಂಗಳವಾರ ದಾರಿ ಬದಲಿಸಿದೆ. ಪಾರಿವಾಳ ನನಗೆ ಮಗನಿದ್ದಂತೆ, ಮೊಟ್ಟೆಯಿಂದ ಸಾಕಿದ ಜೀವ, ಇವತ್ತು ಅದು ಹಾರಲಾರದೆ ಏದುಸಿರು ಬಿಡುವುದನ್ನು ಈ ಕಣ್ಣು ನೋಡಬೇಕಾಯಿತಲ್ಲ ಎಂದು ಗಂಟಲು ನಡುಗಿಸಿದೆ. ಪಾವ್ಲಿನಮ್ಮ ಕಣ್ಣೊರೆಸಿಕೊಂಡರು. ಮಾಸ್ತರು ಹೇಳಿದರು: "ಅಲ್ಲ. ಅದು ಪಾರಿವಾಳ. ನನಗ ಮಗ ಬ್ಯಾರೆ ಅದಾನ, ಬಂದರದಾಗ ನೌಕರಿ ಮಾಡ್ತಾನ, ತೂಕ ಇದಕ್ಕಿಂತ ಜಾಸ್ತಿ ಆಗೇತಿ. ಅವನ ಮ್ಯಾಲ ನಾ ದಾವೆ ಹಾಕಿಲ್ಲ." ನ್ಯಾಯಾಧೀಶೆ ನನ್ನ ಕಡೆ ತಿರುಗಿ, "ನೀ ಅವರ ಮಾತು ಹೇಳಾಕತ್ತಿಲ್ಲವ್ವ. ಅವರ ಬಗ್ಗೆ ಮಾತು ಹೇಳಾಕತ್ತಿ" ಎಂದರು. ಮುಂದೆ ತಮ್ಮ ಸರದಿ ಬಂದಾಗ ನನ್ನ ಮಾತು ಹೇಳಲು ತಮಗೂ ಇನ್ನೂ ತಯಾರಿ ಸಾಲದು ಎಂದು ಮಾಸ್ತರು ವಾಯಿದೆ ಕೇಳಿದರು.

ಮರುದಿನ ಅವರೇ ನಮ್ಮ ಮನೆಯ ಬಾಗಿಲು ಬಡಿದರು. ಕೈಯಲ್ಲಿ ಪೆನ್ನು ಹಾಳೆ. "ಸಂಡಿಗಿ ಹೆಂಗ ಮಾಡ್ತಾರ ಹೇಳು. ನಿನ್ನ ಮಾತು ಹೇಳಬೇಕಂದ್ರ ನನಗ ಗೊತ್ತಿರಬೇಕಲ್ಲ." ನಾನು ಅವ್ವನ ವಿಧಾನವನ್ನು ಹಾಗೆಯೇ ಒಪ್ಪಿಸಿದೆ. ಅಕ್ಕಿ ನೆನೆಹಾಕಿ ರುಬ್ಬುವುದು, ಗಂಜಿ ಕಾಯಿಸುವುದು, ಉಪ್ಪು, ಹಸಿಮೆಣಸಿನಕಾಯಿ, ಜೀರಿಗೆ. ಅವರು ಒಂದೊಂದನ್ನೂ ಬರೆದುಕೊಂಡು ಕೆಳಗೆ ಗೆರೆ ಎಳೆದರು. ನಾಲ್ಕು ದಿನವಾದ ಮೇಲೆ ಗೋಡೆಯಾಚೆಯಿಂದ ಕೂಗಿ, "ಮಾಡಿದೆ. ಒಣಗಿದವು. ನನ್ನ ನಾಲಿಗಿ ಸುಟ್ಟು ಹೋತು. ಹಕ್ಕಿಗಳ ಮುಂದ ಇಟ್ಟೆ, ಮೂಸಿ ನೋಡಲಿಲ್ಲ" ಎಂದರು. "ಚಳಿಗೆ ಇರಬೇಕು" ಎಂದೆ. ಅವರು "ಹೂಂ" ಎಂದು ಬಹಳ ಹೊತ್ತು ನನ್ನನ್ನು ನೋಡಿದರು.

ಅವರು ಬಂದಿದ್ದರಿಂದ ನಾನೂ ಹೋಗಬೇಕಾಯಿತು. ಮುಂದಿನ ಎರಡು ವಾರ ಕಾಲೇಜು ಮುಗಿಸಿ ನೇರವಾಗಿ ಅವರ ಮಾಳಿಗೆಗೆ ಹೋದೆ. ಗೂಡು ಕೆರೆದು ಸ್ವಚ್ಛ ಮಾಡಿದೆ. ಪಾರಿವಾಳವನ್ನು ಎರಡು ಬೆರಳ ನಡುವೆ ಕಾಲು ಸಿಕ್ಕಿಸಿ ಹೇಗೆ ಹಿಡಿಯಬೇಕೆಂದು ಅವರು ತೋರಿಸಿಕೊಟ್ಟರು. ಮಾತು ಕಡಿಮೆ. ಕೇಳಿದ್ದಕ್ಕಷ್ಟೇ ಉತ್ತರ. "ಇದ ಮೊಟ್ಟಿ ಮ್ಯಾಲ ಐತಿ, ಸರಿ." "ಇದಕ್ಕ ಸಿಟ್ಟು ಜಾಸ್ತಿ, ಕಚ್ಚತೈತಿ." ಅದು ಕಚ್ಚಿಯೂ ಬಿಟ್ಟಿತು. ಮೂರನೆಯ ಮಂಗಳವಾರ ಮತ್ತೆ "ಅಲ್ಲ." ನಾಲ್ಕನೆಯ ಮಂಗಳವಾರ ನಾನು ಬಾಯಿ ತೆರೆಯುವ ಮೊದಲೇ, "ಅಲ್ಲ ಅನಸತೈತಿ, ಆದ್ರೂ ಹೇಳು" ಎಂದರು. ಡಿಸೆಂಬರ್ ಬಂದುಬಿಟ್ಟಿತ್ತು.

ಒಂದು ಶನಿವಾರ ಬೆಳಿಗ್ಗೆ ಅವರು ಹಕ್ಕಿಗಳನ್ನು ಅಭ್ಯಾಸಕ್ಕೆಂದು ಹಾಲಿನ ಗಾಡಿಯಲ್ಲಿ ದೂರದ ಗುಡ್ಡಕ್ಕೆ ಕಳಿಸಿದರು. ಅಲ್ಲಿಂದ ಬಿಟ್ಟರೆ ಒಂದು ತಾಸಿನಲ್ಲಿ ಗೂಡಿಗೆ ಮರಳಬೇಕು. ನಾನು ಅವರ ಪಕ್ಕದಲ್ಲಿ ನಿಂತಿದ್ದೆ. ಅಕ್ಕಪಕ್ಕದ ಮಾಳಿಗೆಗಳಲ್ಲಿ ಜನ ಬಟ್ಟೆ ಒಣಹಾಕುತ್ತಿದ್ದರು. ಗುಂಪಿಗಿಂತ ಎಷ್ಟೋ ಮುಂದೆ ಬಿಷಪ್ ಬಂತು. ದಪ್ಪಗಿದ್ದರೂ ಅದರ ವೇಗ ತಗ್ಗಿರಲಿಲ್ಲ. ಮಾಸ್ತರು ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹಾಕಿದರು. ಬಿಷಪ್ ಒಂದು ಸುತ್ತು ಹೊಡೆದು, ನಮ್ಮ ತಲೆಯ ಮೇಲಿಂದಲೇ ಹಾದು, ಪಕ್ಕದ ನನ್ನ ಮಾಳಿಗೆಯ ಮೇಲೆ ಕುಳಿತಿತು. ಅಲ್ಲಿ ಆಗ ಏನೂ ಇರಲಿಲ್ಲ, ಬರೀ ಬಟ್ಟೆ. ಅವರು ಮತ್ತೆ ಸಿಳ್ಳೆ ಹಾಕಿದರು. ಬಿಷಪ್ ಬಟ್ಟೆಯನ್ನು ಕುಕ್ಕುತ್ತಿತ್ತು. ಮೂರನೆಯ ಸಲ ಸಿಳ್ಳೆ ಅರ್ಧಕ್ಕೇ ನಿಂತಿತು. ಆಗ ನಾನು ಸುತ್ತಲೂ ನೋಡಿದೆ. ಮಾಳಿಗೆಗಳ ಮೇಲಿನವರೆಲ್ಲ ತಮ್ಮ ತಮ್ಮ ಹಸಿ ಬಟ್ಟೆಗಳನ್ನು ಇದ್ದಕ್ಕಿದ್ದಂತೆ ಬಹಳ ಶ್ರದ್ಧೆಯಿಂದ ಕೊಡವುತ್ತಿದ್ದರು. ಒಬ್ಬರೂ ಇತ್ತ ನೋಡುತ್ತಿರಲಿಲ್ಲ. ಮಾಸ್ತರ ದೊಡ್ಡ ಕಿವಿಗಳು ಬುಡದಿಂದ ತುದಿಯವರೆಗೆ ಕೆಂಪಾಗಿದ್ದವು. ಅವರು ನನಗೆ, "ಚಹಾ ಮಾಡ್ಲೇನು?" ಎಂದು ಕೇಳಿ ಉತ್ತರಕ್ಕೆ ಕಾಯದೆ ಕೆಳಗಿಳಿದರು.

ಐದನೆಯ ಮಂಗಳವಾರ ನಾನು ಟಿಪ್ಪಣಿ ಒಯ್ಯಲಿಲ್ಲ. ಎದ್ದು ನಿಂತು ಹೇಳಿದೆ: "ಪಂದ್ಯದ ದಿವಸ ಇಡೀ ಊರು ಮಾಳಿಗಿ ಮ್ಯಾಲ ಇತ್ತು. ನನ್ನ ಹಕ್ಕಿ ಎಲ್ಲಾರಕಿಂತ ಮೊದಲು ಬಂತು. ನಾ ಕರದೆ. ಅದು ಕೇಳಲಿಲ್ಲ. ಎಲ್ಲಾರೂ ನೋಡಿದ್ರು. ಆಮ್ಯಾಲ ನೋಡದವರಂಗ ಮಾಡಿದ್ರು." ಇನ್ನೂ ಏನಾದರೂ ಸೇರಿಸಬೇಕೆಂದು ನಾಲಿಗೆ ತುರಿಸಿತು. ಬಾಯಿ ಮುಚ್ಚಿಕೊಂಡು ಕುಳಿತೆ. ಮಾಸ್ತರು ಟೋಪಿಯನ್ನು ಮೊಣಕಾಲ ಮೇಲೆ ಒಂದು ಸುತ್ತು ತಿರುಗಿಸಿದರು. "ಹೌದು," ಎಂದರು. "ಇದ ನನ್ನ ಮಾತು."

ಹಿಂದಿನ ಬೆಂಚಿನಲ್ಲಿ ಹಲ್ಲಿನ ಡಾಕ್ಟರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ನನಗೆ ಕುಣಿಯಬೇಕೆನಿಸಿತು. ಆದರೆ ಈಗ ಅವರ ಸರದಿ. ಅವರಿಗೆ ಅದು ಸುಲಭವಿತ್ತು. ನನ್ನ ಉತ್ತರ ಬರಹದಲ್ಲೇ ಇತ್ತು. ಒಣಗಲಿಕ್ಕೆ ಇಟ್ಟೆ, ತಿಂದವು, ಗೊತ್ತಿರಲಿಲ್ಲ. ಅಷ್ಟು ಓದಿದರೆ ನಾನು ಹೌದು ಎನ್ನುತ್ತಿದ್ದೆ, ಆಕಸ್ಮಿಕವೆಂದು ಗೆದ್ದೂ ಬಿಡುತ್ತಿದ್ದೆ. ಇಲ್ಮಾರ್ ಮಾಸ್ತರು ಎದ್ದು ಗಂಟಲು ಸರಿಮಾಡಿಕೊಂಡರು. "ನಾ ಈ ಊರಿಗೆ ಬಂದೆ," ಎಂದು ಶುರುಮಾಡಿದರು, "ಯಾರೂ ಗುರುತಿನವರಿಲ್ಲ. ಬಾಯಿ ತೆರೆದ್ರ ಎಲ್ಲಾರೂ ಅಲ್ಲ ಅಂತಾರ. ಮೊದಲನೇ ವಾರ ಸಂಡಿಗಿ ಒಣಗಸಾಕ ಇಟ್ಟಿದ್ದು ಖರೇ. ಹಕ್ಕಿ ತಿಂದವು, ಸಿಟ್ಟು ಬಂತು, ಅದೂ ಖರೇ. ಎರಡನೇ ವಾರ ಮುಚ್ಚಿ ಇಡಬಹುದಾಗಿತ್ತು. ಮುಚ್ಚಲಿಲ್ಲ. ಮೂರನೇ ವಾರದಿಂದ ಅವಕ್ಕಂತನ ಮಾಡಿದೆ. ನಮ್ಮ ಅವ್ವ ಹೇಳಿಕೊಟ್ಟ ಅಕ್ಕಿ ಸಂಡಿಗ್ಯಾಗ ಉಪ್ಪು, ಖಾರ ಇರತೈತಿ, ಹಕ್ಕಿ ಮುಟ್ಟಂಗಿಲ್ಲ. ನಾ ಉಪ್ಪು ಬಿಟ್ಟೆ, ಖಾರ ಬಿಟ್ಟೆ. ನಾ ಒಂದೂ ತಿನ್ನಲಿಲ್ಲ. ಈ ಊರಾಗ ನನ್ನ ನೋಡಿ ಖುಷಿಯಿಂದ ಹಾರಿ ಬರೋವು ಅವಷ್ಟ ಇದ್ದವು."

ಅವರ ದನಿಯಲ್ಲಿ ಆರೋಪ ಒಂದಿಷ್ಟೂ ಇರಲಿಲ್ಲ. ನನ್ನ ಪರವಾಗಿ, ನನಗಿಂತ ಚೆನ್ನಾಗಿ, ನನ್ನದೇ ವಾದ ಮಂಡಿಸುತ್ತಿದ್ದರು. ಹೌದು ಎಂದರೆ ನಾನು ಬರೆದುಕೊಟ್ಟ ಉತ್ತರ ಸುಳ್ಳಾಗುತ್ತದೆ, ದಾವೆ ಸೋಲುತ್ತೇನೆ. ಅಲ್ಲ ಎಂದರೆ ಡಾಕ್ಟರ ಮಹಡಿಯ ಕೋಣೆ ಇದ್ದೇ ಇದೆ. ಆದರೆ ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ಅದ್ಯಾವುದೂ ನನ್ನ ತಲೆಯಲ್ಲಿರಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಯಾರೋ ನನ್ನ ಮನಸ್ಸಿನೊಳಗಿನ ಮಾತು ಹೇಳಿದ್ದರು. ಮೂಗಿನಿಂದ ಬಂದ ದನಿಯಲ್ಲಿ, "ಹೌದ್ರಿ. ಇದ ನನ್ನ ಮಾತು" ಎಂದೆ.

ತೀರ್ಪು ಅರ್ಧ ನಿಮಿಷದಲ್ಲಿ ಮುಗಿಯಿತು. ಗೊತ್ತಿದ್ದೂ ತಿನ್ನಿಸಿದ್ದಾಳೆ, ಆದ್ದರಿಂದ ಬಿಷಪ್ ಹಳೆಯ ತೂಕಕ್ಕೆ ಬರುವವರೆಗೆ ದಿನಾ ಬೆಳಿಗ್ಗೆ ಆರು ಗಂಟೆಗೆ ತನ್ನ ಮಾಳಿಗೆಯಿಂದ ಕೆಂಪು ಬಾವುಟ ಬೀಸಿ ಎಲ್ಲ ಹಕ್ಕಿಗಳನ್ನೂ ಹಾರಿಸಬೇಕು, ಕೆಳಗೆ ಕೂರಲು ಬಿಡಬಾರದು. ತೂಕವನ್ನು ನ್ಯಾಯಾಲಯದ ಟಪಾಲು ತಕ್ಕಡಿಯಲ್ಲೇ ನೋಡಲಾಗುವುದು. ಚಳಿಯಲ್ಲಿ ಮೂಗು ಸುರಿಸುತ್ತ ಬಾವುಟ ಬೀಸಿದೆ. ಪಕ್ಕದ ಮಾಳಿಗೆಯಿಂದ ಮಾಸ್ತರು, "ಕೈ ಎತ್ತರಕ್ಕ! ಅದೇನು ಸೊಳ್ಳಿ ಹೊಡ್ಯಾಕತ್ತಿ?" ಎಂದು ಕೂಗುತ್ತಿದ್ದರು. ಆಮೇಲೆ ಇಬ್ಬರೂ ಅವರ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಉಪ್ಪು ಖಾರದ ಸಂಡಿಗೆ ಅವರು ಇನ್ನೊಮ್ಮೆ ಮಾಡಿದ್ದರು, ಈ ಸಲ ಕರಿದು ತಿಂದೆವು. ಡಿಸೆಂಬರ್ ಹತ್ತೊಂಬತ್ತಕ್ಕೆ ಬಿಷಪ್ ತಕ್ಕಡಿಯ ಮೇಲೆ ಕುಳಿತು ಮುಳ್ಳನ್ನು ಸರಿಯಾದ ಗೆರೆಗೆ ತಂದಿತು. ತಂದದ್ದೇ ಅಲ್ಲಿದ್ದ ಒಂದು ಅರ್ಜಿಯ ಮೇಲೆ ಹಿಕ್ಕೆ ಹಾಕಿತು.

ಮರುದಿನ ಗಡಿಯ ಗೇಟಿನಲ್ಲಿ ಬಸ್ಸು ನಿಂತಿತು. ಪುಸ್ತಕ ನೋಡುವ ಗುಮಾಸ್ತ ಬೆರಳು ಓಡಿಸಿ, "ಕಸ್ತೂರಿ ಬಡಿಗೇರ. ಇಳೀರಿ. ಇವತ್ತು ಮುಂಜಾನೆ ಒಂದು ಹೊಸಾ ದಾವೆ ದಾಖಲಾಗೇತಿ" ಎಂದ. ವಾದಿ: ಇಲ್ಮಾರ್. ಗೇಟಿನ ಪಕ್ಕದ ಕಲ್ಲಿನ ಮೇಲೆ ಮಾಸ್ತರು ಕುಳಿತಿದ್ದರು. ನನ್ನ ಮುಖ ನೋಡಲಿಲ್ಲ. ನ್ಯಾಯಾಧೀಶೆಯನ್ನು ಕರೆಸಿದರು. ಪ್ರಯಾಣಿಕರು ಸುತ್ತ ನಿಂತರು. ಡ್ರೈವರು ಗಡಿಯಾರ ನೋಡಿಕೊಂಡ.

ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಅವರ ಕಿವಿ ನೋಡಿದೆ. "ಇಕಿ ಬಂದ್ಲು," ಎಂದೆ, "ನನ್ನ ಹಕ್ಕಿಗಳಿಗೆ ರೂಢಿ ಹಿಡಿಸಿದ್ಲು. ಈಗ ಹೊಂಟಾಳ. ನಾಳೆ ಆರು ಗಂಟೆಕ್ಕ ಅವು ಖಾಲಿ ಮಾಳಿಗಿಗೆ ಹೋಗತಾವು. ನಾನೂ ಹೋಗತೀನಿ. ಯಾರಿಗೆ ಏನಂತ ಹೇಳ್ಲಿ?"

"ಹೌದು" ಎಂದರು ಮಾಸ್ತರು. ಎದ್ದು ನಿಂತು ನನ್ನ ಮಾತು ಹೇಳಿದರು: "ನನಗೂ ಹೋಗಾಕ ಮನಸ್ಸಿಲ್ಲ. ಆದ್ರ ಪರೀಕ್ಷಾ ಐತಿ. ಅವ್ವ ದಾರಿ ನೋಡಾಕತ್ತಾಳ. ಇಲ್ಲೇ ಉಳದ್ರ ಆ ಹಲ್ಲಿನ ಡಾಕ್ಟರಂಗ ಆಗತೀನಿ."

"ಹೌದ್ರಿ" ಎಂದೆ.

ನ್ಯಾಯಾಧೀಶೆ ಕೋಟಿನ ಕಾಲರು ಏರಿಸಿಕೊಂಡು ಸ್ವಲ್ಪ ಯೋಚಿಸಿದರು. "ಹುಡುಗಿ ಹೋಗಲಿ. ಆದ್ರ ರೂಢಿ ಹಿಡಿಸಿದಾಕಿ ಅವಳು. ಹೇಳೂದನ್ನ ಈ ಮುದುಕನ ಮ್ಯಾಲ ಬಿಟ್ಟು ಹೋಗೂದು ನ್ಯಾಯ ಅಲ್ಲ. ಹಕ್ಕಿಗಳಿಗೆ ಅವಳೇ ಹೇಳಿ ಹೋಗಲಿ."

ಮನೆ ಗೇಟಿನಿಂದ ಎರಡೇ ಓಣಿ ದೂರ. ನ್ಯಾಯಾಧೀಶೆ, ಗುಮಾಸ್ತ, ಮಾಸ್ತರು, ಬಸ್ಸಿನ ಇಪ್ಪತ್ತಮೂರು ಪ್ರಯಾಣಿಕರು, ಕೊನೆಯಲ್ಲಿ ಗೊಣಗುತ್ತ ಡ್ರೈವರು, ಎಲ್ಲರೂ ಪಾವ್ಲಿನಮ್ಮನ ಮಾಳಿಗೆ ಹತ್ತಿದರು. ಮಾಸ್ತರು ಗೂಡಿನ ಬಾಗಿಲು ತೆರೆದು ಬಂದರು. ಹಕ್ಕಿಗಳು ಗೋಡೆಯುದ್ದಕ್ಕೂ ಸಾಲಾಗಿ ಬಂದು ಕುಳಿತವು. ನಾನು ಅವುಗಳ ಮುಂದೆ ನಿಂತೆ. ಅಲ್ಲಿಯ ನಿಯಮದಂತೆ ಮೊದಲು ಅವುಗಳ ಮಾತು ಹೇಳಬೇಕು. "ದಿನಾ ಮುಂಜಾನೆ ನಾವು ಬಂದ್ವಿ, ನೀ ಇದ್ದಿ," ಎಂದೆ. "ನಾಳೆ ಬರ್ತೀವಿ, ನೀ ಇರಂಗಿಲ್ಲ. ಯಾಕಂತ ನಮಗ ತಿಳಿಯಂಗಿಲ್ಲ." ಅಷ್ಟಕ್ಕೇ ನಿಲ್ಲಿಸಿದೆ.

ನ್ಯಾಯಾಧೀಶೆ ಕಾನೂನು ಬೇಡುವಷ್ಟು ಹೊತ್ತು ಕಾದರು. ಹಕ್ಕಿಗಳು ಒಂದು ಸಲ ನನ್ನ ಕಡೆಗೂ ಒಂದು ಸಲ ಡ್ರೈವರನ ಕಡೆಗೂ ಕತ್ತು ಹೊರಳಿಸಿದವು. ಮಾಸ್ತರು ಬೆನ್ನು ತಿರುಗಿಸಿ ಜೋರಾಗಿ ಮೂಗು ಒರೆಸಿಕೊಂಡರು. ಆಮೇಲೆ ಗುಮಾಸ್ತ ಪುಸ್ತಕವನ್ನು ಮೊಣಕೈ ಮೇಲೆ ಇಟ್ಟುಕೊಂಡು ಬರೆದುಕೊಂಡ, ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದ: "ಪ್ರತಿವಾದಿ ಹೇಳಿದಳು. ಪಾರಿವಾಳಗಳು ಕೇಳಿಸಿಕೊಂಡವು. ಆಕ್ಷೇಪಣೆ ಬರಲಿಲ್ಲ."